ಕಲಿ ಬಿಟ್ಟ ಮೇಲೆ

ನಳಮಹಾರಾಜನ ಕಥೆಯನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಒಂದು ದಿನ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತ. ಅಷ್ಟು ಸಣ್ಣ ಲೋಪವನ್ನೇ ಕಾದುಕೊಂಡಿದ್ದ ಕಲಿಪುರುಷ ಅವನ ಮೈಯನ್ನು ಹೊಕ್ಕ. ಅಂದಿನಿಂದ ಅವನಿಗೆ ಜೂಜಲ್ಲದೆ ಬೇರೇನೂ ಬೇಡವಾಯಿತು. ರಾಜ್ಯ ಹೋಯಿತು, ಮಕ್ಕಳು ದೂರವಾದರು, ನಡುಗಾಡಿನಲ್ಲಿ ಮಲಗಿದ್ದ ದಮಯಂತಿಯನ್ನು ಬಿಟ್ಟು ನಡೆದ. ಬಹುಕಾಲದ ಮೇಲೆ ಕಲಿ ಅವನನ್ನು ಬಿಟ್ಟ. ಬಿಟ್ಟೊಡನೆಯೆ ನಳ ಮೊದಲಿನ ನಳನೇ ಆದ.

ಕುಡಿತಕ್ಕೆ ಸಿಕ್ಕಿದವರ ಮನೆಗಳಲ್ಲಿ ತಾಯಂದಿರೂ ಹೆಂಡಂದಿರೂ ನಂಬಿಕೊಂಡು ಬದುಕುವುದು ಈ ಕಥೆಯನ್ನೆ. ‘ನಮ್ಮ ಹುಡುಗ ಚಿನ್ನದಂಥವನು, ಆ ಹಾಳು ಸಾರಾಯಿ ಹಿಡಿಯಿತು, ಅದೊಂದು ಬಿಟ್ಟರೆ ಸಾಕು’ ಎನ್ನುತ್ತಾರೆ. ಹಲವರ ಪಾಲಿಗೆ ಇದು ನಿಜವೂ ಹೌದು. ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಊರೂರಿನಲ್ಲಿ ನಡೆಸುತ್ತ ಬಂದಿರುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ವಿಷಯವನ್ನು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಎಂಟು ದಿನ ಮನೆ ಬಿಟ್ಟು ಕುಳಿತು, ಒಂಬತ್ತನೆಯ ದಿನ ಹೆಂಡತಿಮಕ್ಕಳ ಮುಂದೆ ತಲೆಯೆತ್ತಿ ನಿಂತು, ಆಮೇಲೆ ನವಜೀವನ ಸಮಿತಿಯೆಂದು ತಮ್ಮಂಥವರೊಡನೆ ಕೂಡಿಕೊಂಡು ವರ್ಷಗಟ್ಟಲೆ ಬದುಕಿದವರನ್ನು ನಾನು ಬಲ್ಲೆ. ೧೯೩೫ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಸೇರಿ ಹುಟ್ಟುಹಾಕಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಗುಟ್ಟೂ ಇಂಥದ್ದೇ: ಬಿದ್ದವನ ಕೈಯನ್ನು ಹಿಡಿಯಲು ಬಿದ್ದು ಎದ್ದವನೇ ಬರಬೇಕು.

ಆದರೆ ಇಂದು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಮತ್ತೊಂದು ಬಗೆಯವರ ವಿಚಾರ. ಕಲಿ ಬಿಟ್ಟ ಮೇಲೂ ಮೊದಲಿನ ನಳ ತಿರುಗಿ ಬರದವರು. ಏಕೆಂದರೆ ಕಲಿ ಹೊಗುವುದಕ್ಕೆ ಮೊದಲೇ ಅಲ್ಲಿ ನೆಮ್ಮದಿಯಿರಲಿಲ್ಲ.

‘ವ್ಯಸನ’ ಎಂಬ ಮಾತನ್ನು ನಾವು ಚಟಕ್ಕೂ ಹೇಳುತ್ತೇವೆ, ದುಃಖಕ್ಕೂ ಹೇಳುತ್ತೇವೆ. ‘ಅಸ್’ ಎಂದರೆ ಎಸೆ. ‘ವಿ’ ಸೇರಿದರೆ ಚದುರಿಸಿ ಎಸೆ. ಮನುಷ್ಯನನ್ನು ನೆಲೆತಪ್ಪಿಸಿ ಎಸೆಯುವುದೇ ವ್ಯಸನ. ಮನುಸ್ಮೃತಿಯಲ್ಲಿ ಅರಸರ ವ್ಯಸನಗಳನ್ನು ಎಣಿಸುವಾಗ ಕಾಮದಿಂದ ಹುಟ್ಟಿದವು ಹತ್ತು, ಕ್ರೋಧದಿಂದ ಹುಟ್ಟಿದವು ಎಂಟು ಎಂದು ಬೇರೆಮಾಡಿದ್ದಾರೆ. ಕುಡಿತವನ್ನು ಕಾಮದ ಕಡೆಗೆ ಸೇರಿಸಿದ್ದಾರೆ. ಈಚಿನ ಮನೋವೈದ್ಯರನ್ನು ಕೇಳಿದರೆ ಪ್ರಾಯಶಃ ಕುಡಿತ ಎರಡು ಕಡೆಯಿಂದಲೂ ಹುಟ್ಟುತ್ತದೆ, ಮೂರನೆಯದಾದ ಭಯದಿಂದಲೂ ಹುಟ್ಟುತ್ತದೆ ಎಂದಾರು.

ಇದೆಲ್ಲ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ಶಿಷ್ಯನೊಬ್ಬನಿಂದ ತಿಳಿಯಿತು. ಕಮ್ಮರಡಿಯ ಆಚೆಗೆ ಒಂದೂವರೆ ಎಕರೆ ಅಡಕೆ ತೋಟದ ಮನೆಯವನು. ಹೆಸರು ಬೇಡ. ಹತ್ತನೆಯ ತರಗತಿಯಲ್ಲಿ ಅವನಷ್ಟು ಚೆನ್ನಾಗಿ ಹಳಗನ್ನಡ ಪದ್ಯ ಓದುವವರು ಇರಲಿಲ್ಲ. ಆದರೆ ಒಂದು ಮಾತು ಹೆಚ್ಚು ಕಡಿಮೆಯಾದರೆ ಮುಗಿಯಿತು. ಬೆಳಗ್ಗೆ ನನ್ನ ಕಾಲಿಗೆ ಬಿದ್ದು ‘ನೀವೇ ನನಗೆಲ್ಲ’ ಎಂದವನು ಮಧ್ಯಾಹ್ನ ನಾನು ಇನ್ನೊಬ್ಬ ಹುಡುಗನನ್ನು ಹೊಗಳಿದೆನೆಂದು ಪುಸ್ತಕ ಹರಿದು ಹೊರಕ್ಕೆ ನಡೆಯುತ್ತಿದ್ದ. ಗೆಳೆಯರು ಮೂರು ದಿನ ಪ್ರಾಣ, ನಾಲ್ಕನೆಯ ದಿನ ವೈರಿಗಳು. ಒಮ್ಮೆ ಕಿಟಕಿಯ ಗಾಜನ್ನು ಮುಷ್ಟಿಯಿಂದ ಗುದ್ದಿ ಒಡೆದ. ರಕ್ತ ಸುರಿಯುತ್ತಿದ್ದರೂ ಅವನ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಹೆದರಿಕೆಯನ್ನು ಸಿಟ್ಟಾಗಿ ಮಾಡಿಕೊಂಡು, ಇಡೀ ತರಗತಿಯ ಮುಂದೆ, ‘ಹುಟ್ಟುಗುಣ ಸುಟ್ಟರೂ ಹೋಗದು ಕಣಯ್ಯ’ ಎಂದುಬಿಟ್ಟೆ. ಕನ್ನಡ ಪಂಡಿತರಿಗೆ ಗಾದೆ ಬಲು ಸುಲಭವಾಗಿ ನಾಲಗೆಗೆ ಬರುತ್ತದೆ.

ಹದಿನೇಳಕ್ಕೆ ಕುಡಿಯಲಾರಂಭಿಸಿದ. ೨೦೦೭ರ ಜುಲೈ ಒಂದರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತ್ತಾದರೂ ಪೊಟ್ಟಣ ಹೋದ ಕಡೆ ಸೀಸೆ ಬಂದಿತ್ತು, ಬೇಕೆಂದವನಿಗೆ ಕೊರತೆಯಿರಲಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿ ಅವನನ್ನು ದೂರದ ಒಂದು ಊರಿನ ಕೇಂದ್ರಕ್ಕೆ ಸೇರಿಸಿದರು. ಮೂರು ತಿಂಗಳು ಕಳೆದು ಬಂದ. ಕೈ ನಡುಗುತ್ತಿರಲಿಲ್ಲ, ಕಣ್ಣು ತಿಳಿಯಾಗಿತ್ತು. ಒಂದು ವಾರ ಊರೆಲ್ಲ ಹೊಗಳಿತು. ಎರಡನೆಯ ವಾರ ಆ ತಾಯಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ ಮಾತು ಇದು: ‘ಎಂತ ಹೇಳ್ಲಿ ಮೇಷ್ಟ್ರೇ, ಕುಡೀತಿದ್ದಾಗ್ಲೇ ವಾಸಿ ಇತ್ತು. ಕುಡಿದ್ರೆ ಮಲಗ್ತಿದ್ದ.’

ಈ ಒಂದು ಮಾತಿನಲ್ಲಿ ನಮ್ಮ ವಿಷಯವೆಲ್ಲ ಅಡಗಿದೆ. ಆ ಹುಡುಗನಿಗೆ ಕುಡಿತವೆಂಬುದು ರೋಗವಾಗುವುದಕ್ಕೆ ಮುಂಚೆ ಔಷಧವಾಗಿತ್ತು, ಬಹಳ ಕೆಟ್ಟ ಔಷಧ. ಅದನ್ನು ಕಿತ್ತುಕೊಂಡರು, ಬದಲಿಗೆ ಏನನ್ನೂ ಕೊಡಲಿಲ್ಲ. ಒಳಗಿನ ಉರಿ ಹಾಗೆಯೇ ಉಳಿಯಿತು. ಇಪ್ಪತ್ತನೆಯ ದಿನ ಮತ್ತೆ ಕುಡಿದ. ಎರಡನೆಯ ಬಾರಿ ಸೇರಿಸಿದ ಕಡೆ ಜಗಳವಾಡಿದನೆಂದು ನಡುವೆಯೇ ಮನೆಗೆ ಕಳುಹಿಸಿದರು. ಮನಸ್ಸಿನ ವೈದ್ಯರೊಬ್ಬರು ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ’ ಎಂದರು. ಕುಡಿತ ಬಿಡಿಸುವವರು ‘ಇವನದು ಮನಸ್ಸಿನ ತೊಂದರೆ, ನಮ್ಮಲ್ಲಾಗದು’ ಎಂದರು. ಎರಡು ಬಾಗಿಲುಗಳ ನಡುವೆ ಆ ತಾಯಿ ವರ್ಷಗಟ್ಟಲೆ ಅಲೆದರು.

ಕೊನೆಗೊಮ್ಮೆ ಒಬ್ಬ ತರುಣ ವೈದ್ಯರು, ‘ಕುಡಿಯುವುದಕ್ಕೆ ಮುಂಚೆ ಇವನು ಹೇಗಿದ್ದನೆಂದು ಬಲ್ಲವರು ಯಾರಾದರೂ ಇದ್ದಾರೆಯೆ?’ ಎಂದು ಕೇಳಿದರಂತೆ. ತಾಯಿ ನನ್ನನ್ನು ಕರೆದುಕೊಂಡು ಹೋದರು. ನಾನು ಪುಸ್ತಕ ಹರಿದದ್ದು, ಗಾಜು ಒಡೆದದ್ದು, ಮೂರು ದಿನದ ಸ್ನೇಹ, ಎಲ್ಲವನ್ನೂ ಹೇಳಿದೆ. ಗಾದೆಯ ಮಾತನ್ನೂ ಹೇಳಬೇಕಾಯಿತು. ವೈದ್ಯರು ಬರೆದುಕೊಂಡು, ‘ನೀವು ನೋಡಿದ್ದು ಸರಿ, ತೀರ್ಪು ಮಾತ್ರ ತಪ್ಪು’ ಎಂದರು. ಐವತ್ತು ದಾಟಿದ ಮೇಷ್ಟರ ಉತ್ತರಪತ್ರಿಕೆಯನ್ನು ಯಾರೋ ತಿದ್ದಿದ ಹಾಗಾಯಿತು.

ಅವರು ಆ ಪ್ರಶ್ನೆಯನ್ನು ಕೇಳಿದ್ದೇಕೆಂದರೆ, ಕುಡಿತದ ಮಧ್ಯದಲ್ಲಿರುವವನ ಸ್ವಭಾವವನ್ನು ಅಳೆಯಲಾಗದು. ಮದ್ಯವೇ ಸಿಟ್ಟನ್ನೂ ಸಂಶಯವನ್ನೂ ಸುಳ್ಳನ್ನೂ ತರುತ್ತದೆ. ಬಿಟ್ಟ ಮೊದಲ ವಾರಗಳ ತಳಮಳವೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಕೆಲವು ವಾರ ಕಾಯಬೇಕು, ಮತ್ತು ಕುಡಿತಕ್ಕೆ ಮುಂಚಿನ ದಿನಗಳನ್ನು ವಿಚಾರಿಸಬೇಕು. ಹರೆಯದಲ್ಲಿಯೇ ತಲೆದೋರಿ, ಮನೆ ಶಾಲೆ ಸ್ನೇಹ ಎಲ್ಲ ಕಡೆಯೂ ಒಂದೇ ರೀತಿ ಮುಂದುವರಿದು, ತನಗೂ ಪರರಿಗೂ ನೋವನ್ನೇ ತರುತ್ತಿದ್ದರೆ ಆಗ ವೈದ್ಯರು ವ್ಯಕ್ತಿತ್ವದೋಷ ಎಂಬ ಮಾತನ್ನು ಬಳಸುತ್ತಾರೆ. ದೋಷವೆಂಬ ಶಬ್ದ ನನಗೇನೋ ಒಪ್ಪಿಗೆಯಿಲ್ಲ. ಜಾತಕದಲ್ಲಿಯ ದೋಷದಂತೆ ಕೇಳಿಸುತ್ತದೆ. ವಾತಪಿತ್ತಕಫಗಳ ಏರುಪೇರಿಗೂ ನಮ್ಮ ಆಯುರ್ವೇದದವರು ದೋಷವೆಂದೇ ಅನ್ನುತ್ತಾರಲ್ಲ, ಆ ಅರ್ಥದಲ್ಲಿ ಹಿಡಿದರೆ ಬಾಧಕವಿಲ್ಲ.

ಇದರಲ್ಲಿ ಬಗೆಗಳುಂಟು. ಯಾರನ್ನೂ ನಂಬದೆ ಒಂಟಿಯಾಗುವವರು ಕೆಲವರು. ಕ್ಷಣಕ್ಷಣಕ್ಕೆ ಉಕ್ಕುವವರು, ಕಟ್ಟುಪಾಡನ್ನು ಲಕ್ಷಿಸದವರು ಕೆಲವರು. ನಾಲ್ಕು ಜನರ ಮುಂದೆ ನಿಲ್ಲಲಾರದೆ ಬೆವರುವ ಅಂಜುಕುಳಿಗಳು ಕೆಲವರು. ೧೯೮೦ರಲ್ಲಿ ಹೊರಟ ಅಮೆರಿಕದ ಮನೋವೈದ್ಯರ ಕೈಪಿಡಿ ಹೀಗೆ ಮೂರು ಗುಂಪು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೨ರಲ್ಲಿ ಜಾರಿಗೆ ತಂದ ತಮ್ಮ ಹನ್ನೊಂದನೆಯ ರೋಗವರ್ಗೀಕರಣದಲ್ಲಿ ಈ ಪೆಟ್ಟಿಗೆಗಳನ್ನು ಬಹುಮಟ್ಟಿಗೆ ಬಿಟ್ಟು, ತೊಂದರೆ ಅಲ್ಪವೋ ಮಧ್ಯಮವೋ ತೀವ್ರವೋ ಎಂದು ನೋಡುವುದನ್ನೇ ಮುಂದಿಟ್ಟಿದ್ದಾರೆ. ನಮಗೆ ಬೇಕಾದ್ದು ಇಷ್ಟು: ಉಕ್ಕುವವನು ಉರಿಯನ್ನು ತಣಿಸಲು ಕುಡಿಯುತ್ತಾನೆ, ಅಂಜುಕುಳಿ ಮದುವೆಮನೆಗೆ ಹೋಗಲು ಧೈರ್ಯಕ್ಕೆಂದು ಕುಡಿಯುತ್ತಾನೆ. ಇಬ್ಬರಿಗೂ ‘ಕುಡಿಯಬೇಡ’ ಎಂಬ ಒಂದೇ ಉಪದೇಶ ಸಾಲದು.

ಇದು ಕೇವಲ ಪೊಗರು ಎನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಒಂದು ಕೆಲಸವನ್ನು ಹೇಳಬೇಕು. ೧೯೫೪ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲಿ ಅಖಿಲ ಭಾರತ ಸಂಸ್ಥೆಯಾಗಿ ಹುಟ್ಟಿ, ೧೯೭೪ರಲ್ಲಿ ಆಸ್ಪತ್ರೆಯೊಡನೆ ಒಂದಾದ ಸಂಸ್ಥೆ ಅದು. ಅಲ್ಲಿಯ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯವ್ಯಸನಿಗಳ ಹತ್ತಿರದ ಗಂಡು ಸಂಬಂಧಿಗಳ ಮೆದುಳಿನ ಒಂದು ವಿದ್ಯುತ್ ಅಲೆಯನ್ನು ಅಳೆದರು. ವಂಶದಲ್ಲಿ ಕುಡಿತದ ಅಪಾಯ ಹೆಚ್ಚಿದ್ದಷ್ಟೂ ಆ ಅಲೆಯ ಎತ್ತರ ಕಡಿಮೆಯಿತ್ತು. ಅಂಥ ಮನೆಗಳ ಮಕ್ಕಳಲ್ಲಿ ಚಡಪಡಿಕೆ, ದುಡುಕು, ತಡೆದುಕೊಳ್ಳಲಾರದ ಸ್ವಭಾವ ಇವು ಹೇಗೆ ಕುಡಿತಕ್ಕೆ ದಾರಿ ಮಾಡುತ್ತವೆಂಬುದನ್ನು ಮುಂದೆಯೂ ಅವರು ಹಿಂಬಾಲಿಸಿದರು. ಶಾಲೆಯಲ್ಲಿ ನಾವು ಬೆಂಚಿನ ಮೇಲೆ ನಿಲ್ಲಿಸುವ ಹುಡುಗರು ಇವರೇ ಎಂದು ನನಗೆ ಓದುವಾಗ ಅನ್ನಿಸಿತು.

ಇನ್ನು ಚಿಕಿತ್ಸೆಯ ಮಾತು. ನಳನ ಕಥೆಯಲ್ಲಿ ಕಲಿ ಬಿಟ್ಟದ್ದು ಹೇಗೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಮಂತ್ರಕ್ಕೆ ಬಿಡಲಿಲ್ಲ, ಬೈಗುಳಕ್ಕೆ ಬಿಡಲಿಲ್ಲ. ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿದ್ದ ನಳನಿಗೆ ಋತುಪರ್ಣರಾಜ ದಾರಿಯ ಬದಿಯ ತಾರೆಮರವೊಂದರ ಎಲೆ ಕಾಯಿಗಳನ್ನು ಕಣ್ಣಳತೆಯಲ್ಲೇ ಎಣಿಸಿ ಹೇಳಿದ. ಆ ಎಣಿಕೆಯ ವಿದ್ಯೆಯನ್ನೂ ಅಕ್ಷಹೃದಯವನ್ನೂ ಕಲಿಸಿದ. ಕಲಿತ ಕೂಡಲೆ ಕಲಿ ಹೊರಬಿದ್ದು ಆ ತಾರೆಮರವನ್ನೇ ಹೊಕ್ಕ. ಒಂದು ವಿದ್ಯೆಯನ್ನು ಕಲಿತದ್ದರಿಂದ ಬಿಡುಗಡೆಯಾಯಿತು! ಆಮೇಲೆ ಅವನು ಹೋಗಿ ಮತ್ತೆ ಜೂಜಾಡಿ ರಾಜ್ಯವನ್ನು ಗೆದ್ದನೆಂಬುದನ್ನು ಮಾತ್ರ ನಮ್ಮ ಶಿಬಿರಗಳಲ್ಲಿ ಹೇಳದಿರುವುದು ಕ್ಷೇಮ.

ಇಂದು ಇಂಥವರಿಗೆ ಕೊಡುವ ಚಿಕಿತ್ಸೆಯೂ ಒಂದು ವಿದ್ಯಾಭ್ಯಾಸವೇ. ಅಮೆರಿಕದ ಸಿಯಾಟಲ್ ನಗರದ ವಿಶ್ವವಿದ್ಯಾನಿಲಯದ ಮಾರ್ಷಾ ಲೈನಹನ್ ಎಂಬಾಕೆ ಭಾವಗಳ ಉಕ್ಕನ್ನು ತಡೆಯಲಾರದವರಿಗಾಗಿ ಒಂದು ಕ್ರಮವನ್ನು ರೂಪಿಸಿ ೧೯೯೩ರಲ್ಲಿ ಪುಸ್ತಕ ಬರೆದರು. ಮಾದಕವಸ್ತುಗಳಿಗೆ ದಾಸರಾದ ಅಂಥ ಹೆಂಗಸರ ಮೇಲೆ ಆ ಕ್ರಮವನ್ನು ಪರೀಕ್ಷಿಸಿದ ಅಧ್ಯಯನ ೧೯೯೯ರಲ್ಲಿ ಬಂತು. ಹದಿಹರೆಯದಲ್ಲಿ ತಾನೇ ಎರಡು ವರ್ಷಕ್ಕೂ ಮೇಲ್ಪಟ್ಟು ಮಾನಸಿಕ ಆಸ್ಪತ್ರೆಯಲ್ಲಿದ್ದವಳೆಂದು ಆಕೆ ಲೋಕಕ್ಕೆ ಹೇಳಿದ್ದು ೨೦೧೧ರಲ್ಲಿ. ಬಿದ್ದವನ ಕೈ ಹಿಡಿಯಲು ಬಿದ್ದು ಎದ್ದವರೇ ಬರಬೇಕೆಂದೆನಲ್ಲ.

ಆ ಕ್ರಮದಲ್ಲಿ ಎರಡು ತೊಂದರೆಗಳನ್ನೂ ಒಟ್ಟಿಗೆ ಹಿಡಿಯುತ್ತಾರೆ. ಒಂದನ್ನು ಮುಗಿಸಿ ಬಾ ಎನ್ನುವುದಿಲ್ಲ. ಕುಡಿಯಬೇಕೆಂಬ ತುಡಿತ ಎಷ್ಟು ಹೊತ್ತಿಗೆ ಬಂತು, ಅದಕ್ಕೆ ಮುಂಚೆ ಏನಾಯಿತು, ಸೊನ್ನೆಯಿಂದ ಐದರವರೆಗೆ ಅಳೆದರೆ ಎಷ್ಟು ಬಲವಾಗಿತ್ತು ಎಂದು ರೋಗಿಯೇ ದಿನದಿನ ಬರೆದಿಡಬೇಕು. ಇದೇ ನೋಡಿ ತಾರೆಮರದ ಎಣಿಕೆ. ಎಣಿಸತೊಡಗಿದವನಿಗೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ: ತುಡಿತ ಏರುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಇಳಿಯುತ್ತದೆ. ಆ ಹೊತ್ತನ್ನು ದಾಟಲು ತಣ್ಣೀರಿನಲ್ಲಿ ಮುಖ ಮುಳುಗಿಸುವುದು, ಬಿರುಸಾಗಿ ನಡೆಯುವುದು, ಉಸಿರನ್ನು ನಿಧಾನವಾಗಿ ಬಿಡುವುದು, ಸಿಟ್ಟು ಇಳಿಯುವವರೆಗೆ ಯಾವ ತೀರ್ಮಾನವನ್ನೂ ಮಾಡದಿರುವುದು, ಇವನ್ನು ಮಗ್ಗಿಯಂತೆ ಅಭ್ಯಾಸ ಮಾಡಿಸುತ್ತಾರೆ. ಪೂರ್ತಿ ಬಿಡುವುದೇ ಗುರಿ. ಆದರೂ ಜಾರಿದರೆ, ಜಾರಿದ್ದನ್ನು ಮುಚ್ಚಿಡದೆ ಮಾರನೆಯ ದಿನವೇ ಬಂದು ಹೇಳಬೇಕೆಂದು ಮೊದಲೇ ಒಪ್ಪಂದವಿರುತ್ತದೆ. ಜಾರಿದವನನ್ನು ಹೊರಗೆ ಹಾಕುವುದಿಲ್ಲ. ಜ್ವರ ಮರುಕಳಿಸಿತೆಂದು ಆಸ್ಪತ್ರೆಯಿಂದ ಯಾರನ್ನಾದರೂ ಓಡಿಸುತ್ತಾರೆಯೆ?

ಇಂಥವರು ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುವುದು ಹೆಚ್ಚು. ಇಂದು ದೇವರೆನ್ನಿಸಿದ ವೈದ್ಯರು ನಾಳೆ ಶತ್ರುವಾಗುತ್ತಾರೆ. ಅದಕ್ಕೆ ವೈದ್ಯರೂ ಸಿದ್ಧರಿರಬೇಕು, ಮನೆಯವರೂ ಸಿದ್ಧರಿರಬೇಕು. ಸಾಧ್ಯವಾದಷ್ಟು ಒಬ್ಬರೇ ವೈದ್ಯರು, ಒಂದೇ ಮಾತು.

ಔಷಧಗಳ ವಿಷಯದಲ್ಲಿ ಎರಡು ಮೂರು ಎಚ್ಚರಿಕೆಗಳನ್ನು ನಿಮ್ಮ ಮನಸ್ಸಿಗೆ ತರಬೇಕು. ಸ್ವಭಾವವನ್ನು ಬದಲಿಸುವ ಗುಳಿಗೆಯಿಲ್ಲ. ಬಹುಕಾಲ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ನಡುಕ, ಫಿಟ್ಸು, ಭ್ರಾಂತಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆನ್ನುವವರನ್ನು ನಂಬಬೇಡಿ, ಅದು ಬಿ೧ ಜೀವಸತ್ವವನ್ನೂ ಔಷಧವನ್ನೂ ಕೊಟ್ಟು ವೈದ್ಯರು ನೋಡಿಕೊಳ್ಳಬೇಕಾದ ಕೆಲಸ. ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮುಂತಾದವುಗಳನ್ನು ವೈದ್ಯರು ಕೊಡುವುದುಂಟು. ಆದರೆ ಡೈಸಲ್ಫಿರಾಮ್ ಎಂಬ ಗುಳಿಗೆಯೊಂದಿದೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಇಳಿಯುತ್ತದೆ. ಕೋಪನ್‌ಹೇಗನ್ನಿನ ಇಬ್ಬರು ವಿಜ್ಞಾನಿಗಳು ೧೯೪೮ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಒಪ್ಪಿ ತೆಗೆದುಕೊಳ್ಳುವವನಿಗೆ ಇದು ಒಳ್ಳೆಯ ಕಾವಲು. ನಮ್ಮಲ್ಲಿ ಕೆಲವರು ಮಾಡುವುದೇನು? ಗುಟ್ಟಾಗಿ ಕಾಫಿಯಲ್ಲೋ ಸಾರಿನಲ್ಲೋ ಬೆರೆಸುತ್ತಾರೆ. ದುಡುಕುಸ್ವಭಾವದವನು ತಿಳಿಯದೆ, ಕೆಲವು ವೇಳೆ ತಿಳಿದೂ, ಅದರ ಮೇಲೆ ಕುಡಿಯುತ್ತಾನೆ, ಪ್ರಾಣ ಹೋಗಬಹುದು. ತಾಯಂದಿರೆ, ದಯವಿಟ್ಟು ಹಾಗೆ ಮಾಡಬೇಡಿ. ಹಾಗೆಯೇ ನಿದ್ರೆಗುಳಿಗೆಯನ್ನು ತಾವೇ ಅಂಗಡಿಯಿಂದ ತಂದು ಕೊಡುವುದೂ ಬೇಡ. ಒಂದು ಚಟ ಬಿಡಿಸಲು ಹೋಗಿ ಎರಡಾಗುತ್ತದೆ.

‘ಸಾಯುತ್ತೇನೆ’ ಎಂಬ ಮಾತನ್ನು ನಾಟಕವೆಂದು ತಳ್ಳಿಹಾಕಬಾರದು. ಇಂಥವರಲ್ಲಿ, ಅದರಲ್ಲೂ ಕುಡಿದಾಗ, ಆ ಅಪಾಯ ನಿಜವಾಗಿಯೂ ಹೆಚ್ಚು. ತೋಟಕ್ಕೆ ತಂದ ವಿಷದ ಡಬ್ಬಗಳಿಗೆ ಬೀಗ ಹಾಕಿ ಕೀಲಿಯನ್ನು ಬೇರೆ ಮನೆಯಲ್ಲಿಡಿ, ಅವನನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ೨೦೨೨ರಿಂದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಿದೆ; ೧೪೪೧೬ ಎಂಬ ಸಂಖ್ಯೆಗೆ ಮಾತಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೆ ಸಲಹೆ ದೊರೆಯುತ್ತದೆ. ೨೦೧೪ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಯಿತು. ನಿಮ್ಮ ತಾಲ್ಲೂಕಿನಲ್ಲಿ ಯಾವಾಗಲೆಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಮನೆಯಲ್ಲಿ ಓದಬೇಕೆನ್ನುವವರಿಗೆ ಡಾ. ಸಿ. ಆರ್. ಚಂದ್ರಶೇಖರ್ ಅವರ ತಿಳಿಗನ್ನಡದ ಪುಸ್ತಕಗಳುಂಟು. ಅವರಿಗೂ ಮುಂಚೆ ‘ಕೊರವಂಜಿ’ಯ ಡಾ. ಎಂ. ಶಿವರಾಂ ಅವರು ‘ಮನಮಂಥನ’ವನ್ನು ಬರೆದು ಈ ದಾರಿಯನ್ನು ತೆರೆದರು.

ಮನೆಯವರು ಎಷ್ಟು ದಿನ ತಾಳಬೇಕು? ಅಡಕೆ ಬೆಳೆಯುವವರು ಈ ಪ್ರಶ್ನೆ ಕೇಳಬಾರದು. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ದ್ರಾವಣವನ್ನು ಹೊಡೆಯಬೇಕೆಂದು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ೧೯೧೦ರ ಸುಮಾರಿಗೆ ಕಲಿಸಿಕೊಟ್ಟರಷ್ಟೆ. ಮಳೆ ಹಿಡಿಯುವ ಮುಂಚೆ ಒಂದು ಸಲ ಹೊಡೆದು ಸುಮ್ಮನಾಗುತ್ತೇವೆಯೆ? ಒಂದೂವರೆ ತಿಂಗಳೊಳಗೆ ಮತ್ತೊಮ್ಮೆ ಕೊನೆಗಾರನನ್ನು ಮರ ಹತ್ತಿಸುತ್ತೇವೆ, ಮಳೆ ಬಿಡದಿದ್ದರೆ ಮೂರನೆಯ ಸಲ. ಬೋಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ಭಾವಗಳ ಏರುಪೇರಿನ ವ್ಯಕ್ತಿತ್ವದ ೨೯೦ ಮಂದಿಯನ್ನು ಹತ್ತು ವರ್ಷ ಬಿಡದೆ ಗಮನಿಸಿದರು. ನೂರಕ್ಕೆ ೯೩ ಮಂದಿಗೆ ಕನಿಷ್ಠ ಎರಡು ವರ್ಷದ ಮಟ್ಟಿಗಾದರೂ ಲಕ್ಷಣಗಳು ಶಮನವಾಗಿದ್ದವು. ಕೆಲಸ, ಸ್ನೇಹ ಎಲ್ಲವೂ ನೆಟ್ಟಗಾಗಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು ಮಾತ್ರ. ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು. ನನ್ನ ಗಾದೆಯಂತೂ ಸುಳ್ಳಾಯಿತು.

ನನ್ನ ಶಿಷ್ಯನ ವಿಷಯ ಕೇಳುವಿರಿ. ಚಿಕಿತ್ಸೆಗೆ ಹೋಗಲಾರಂಭಿಸಿ ಮೂರನೆಯ ವರ್ಷ ನಡೆಯುತ್ತಿದೆ. ನಡುವೆ ನಾಲ್ಕು ಸಲ ಜಾರಿದ್ದಾನೆ. ನಾಲ್ಕು ಸಲವೂ ಹೋಗಿ ಹೇಳಿದ್ದಾನೆ. ಮೊದಮೊದಲು ನನ್ನನ್ನು ಕಂಡರೆ ದಾರಿ ಬಿಟ್ಟು ನಡೆಯುತ್ತಿದ್ದವನು ಕಳೆದ ಸುಗ್ಗಿಯಲ್ಲಿ, ರಾತ್ರಿ ಅಡಕೆ ಸುಲಿಯುವ ಹೊತ್ತಿಗೆ, ಒಂದು ನೂರು ಪುಟದ ನೋಟುಪುಸ್ತಕವನ್ನು ಹಿಡಿದುಕೊಂಡು ಬಂದ. ಗೆರೆ ಎಳೆದು ಮನೆ ಮಾಡಿ, ತಾರೀಖು, ಹೊತ್ತು, ಅಂಕಿ ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದ. ‘ಸಿಟ್ಟು’ ಎಂಬ ಮಾತಿಗೆ ಅಂಕಣದಲ್ಲಿ ‘ಮುಳಿಸು’ ಎಂದು ಹಳಗನ್ನಡದಲ್ಲಿ ಹಾಕಿದ್ದ. ‘ತಿದ್ದಿಕೊಡಿ ಸರ್, ಎಲ್ಲಾದ್ರೂ ತಪ್ಪಿದ್ರೆ’ ಎಂದ.

ಐದು ಎಂದು ಬರೆದ ದಿನಗಳನ್ನು ಎಣಿಸಿದೆವು. ಆ ತಿಂಗಳು ಮೂರಿದ್ದವು. ‘ಹೋದ ತಿಂಗಳು?’ ಎಂದೆ. ಪುಟ ತಿರುವಿ, ಬೆರಳಿಟ್ಟು ಎಣಿಸಿ, ‘ಹನ್ನೊಂದು’ ಎಂದ.